ಹಳೇ ಲ್ಯಾಪ್‌ಟಾಪ್‌ನಲ್ಲಿ ಟಿವಿ ರೆಕಾರ್ಡಿಂಗ್: ಮಲೆನಾಡಿನ ಮನೆಗೊಂದು ಸರಳ ಏರ್ಪಾಡು

ಟಿವಿ ರೆಕಾರ್ಡ್ ಮಾಡುವುದಕ್ಕೆ ದೊಡ್ಡ ಕಂಪ್ಯೂಟರ್ ಬೇಕು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಬೇಕಿಲ್ಲ. ಡಿಶ್‌ಗೆ ಬರುವ ಡಿಜಿಟಲ್ ಟಿವಿಯನ್ನು ಚಾನೆಲ್‌ನವರು ಮೊದಲೇ ಒತ್ತಿ ಚಿಕ್ಕದು ಮಾಡಿ ಕಳಿಸಿರುತ್ತಾರೆ. ರೆಕಾರ್ಡ್ ಮಾಡುವುದು ಎಂದರೆ ಅದನ್ನು ಬಂದ ಹಾಗೇ ಡಿಸ್ಕ್‌ಗೆ ಇಳಿಸಿಕೊಳ್ಳುವುದು. ಈ ಕೆಲಸಕ್ಕೆ ಹತ್ತು ವರ್ಷ ಹಳೆಯ ಲ್ಯಾಪ್‌ಟಾಪ್ ಕೂಡ ಧಾರಾಳ. ಶಕ್ತಿ ಬೇಕಾಗುವುದು ಆ ಫೈಲನ್ನು ಇನ್ನೊಂದು ರೂಪಕ್ಕೆ ಬದಲಾಯಿಸುವಾಗ ಮಾತ್ರ. ಆ ಬದಲಾವಣೆಯನ್ನೇ ತಪ್ಪಿಸಿಬಿಟ್ಟರೆ ಇಡೀ ಏರ್ಪಾಡು ಹಗುರವಾಗುತ್ತದೆ. ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ಮನೆ ಇರುವ, ನನ್ನ ಜೊತೆ ಕಲಿಯುತ್ತಿರುವ ಎಲ್ಲರಿಗಾಗಿ ಈ ಟಿಪ್ಪಣಿ.

ಮೊದಲು ಜಾಗದ ಲೆಕ್ಕ ಮಾಡೋಣ. ಸಾಧಾರಣ ಗುಣಮಟ್ಟದ ಒಂದು ಚಾನೆಲ್ ಸೆಕೆಂಡಿಗೆ 3 ಮೆಗಾಬಿಟ್ ತೆಗೆದುಕೊಳ್ಳುತ್ತದೆ ಎಂದುಕೊಳ್ಳಿ. ಗಂಟೆಗೆ 3,600 ಸೆಕೆಂಡ್. ಅಂದರೆ 10,800 ಮೆಗಾಬಿಟ್. 8ರಿಂದ ಭಾಗಿಸಿದರೆ 1,350 ಮೆಗಾಬೈಟ್. 1 ಟಿಬಿ ಡಿಸ್ಕ್‌ನಲ್ಲಿ ಸುಮಾರು 740 ಗಂಟೆ ಹಿಡಿಯುತ್ತದೆ. ಚಂದನದ ಅರ್ಧ ಗಂಟೆಯ ಒಂದು ಕಾರ್ಯಕ್ರಮವನ್ನು ವರ್ಷವಿಡೀ ದಿನಾ ಇಟ್ಟುಕೊಂಡರೂ 250 ಜಿಬಿ ದಾಟುವುದಿಲ್ಲ. ಹಾಗಾಗಿ ಡಿಸ್ಕ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ಡಿಶ್ ಮತ್ತು ದಿಕ್ಕು

ನಾವು ಹಿಡಿಯುವುದು ಪ್ರಸಾರ ಭಾರತಿಯ ಡಿಡಿ ಫ್ರೀ ಡಿಶ್. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಲ್ಲಿ ಶುರುವಾದದ್ದು ಇದೇ. ತಿಂಗಳ ಬಾಡಿಗೆ ಇಲ್ಲ. ದುಡ್ಡು ಕೊಡುವ ಡಿಟಿಎಚ್ ಯಾಕೆ ಬೇಡ ಎಂದರೆ, ಅಲ್ಲಿ ಚಾನೆಲ್‌ಗಳನ್ನು ಕೋಡ್ ಹಾಕಿ ಮುಚ್ಚಿರುತ್ತಾರೆ. ಆ ಕಂಪನಿಯ ಬಾಕ್ಸ್ ಬಿಟ್ಟರೆ ಬೇರೆ ಟ್ಯೂನರ್ (ಡಿಶ್‌ನ ಸಿಗ್ನಲನ್ನು ಹಿಡಿದು ಕಂಪ್ಯೂಟರ್‌ಗೆ ಕೊಡುವ ಸಾಧನ) ಅದನ್ನು ಬಿಚ್ಚಲಾರದು.

ಫ್ರೀ ಡಿಶ್ ಬರುವುದು 93.5 ಡಿಗ್ರಿ ಪೂರ್ವದಲ್ಲಿರುವ ಜಿಸ್ಯಾಟ್-15 ಉಪಗ್ರಹದಿಂದ. 2015ರ ನವೆಂಬರ್‌ನಲ್ಲಿ ಫ್ರೆಂಚ್ ಗಯಾನಾದಿಂದ ಏರಿಯಾನ್-5 ರಾಕೆಟ್ ಇದನ್ನು ಹೊತ್ತೊಯ್ದಿತು. ರಾಕೆಟ್‌ನಿಂದ ಬಿಡುಗಡೆಯಾದ ಕೂಡಲೇ ಅದರ ಹಿಡಿತ ತೆಗೆದುಕೊಂಡದ್ದು ನಮ್ಮ ಹಾಸನದ ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ. 1982ರಿಂದ ಇನ್ಸಾಟ್, ಜಿಸ್ಯಾಟ್ ಸರಣಿಯನ್ನು ನೋಡಿಕೊಳ್ಳುತ್ತಿರುವ ಜಾಗ ಅದು. ಸುಮಾರು 36,000 ಕಿಲೋಮೀಟರ್ ಮೇಲಿರುವ ಉಪಗ್ರಹ ಸೂರ್ಯ, ಚಂದ್ರರ ಸೆಳೆತಕ್ಕೆ ಸ್ವಲ್ಪ ಸ್ವಲ್ಪವೇ ಜಾರುತ್ತಿರುತ್ತದೆ. ಅದನ್ನು ಮತ್ತೆ ತನ್ನ ಜಾಗಕ್ಕೆ ತಳ್ಳುತ್ತಲೇ ಇರಬೇಕು. ಅವರು ಆ ಕೆಲಸ ಮಾಡುತ್ತಿರುವುದರಿಂದಲೇ ನಾವು ಒಮ್ಮೆ ಬಿಗಿದ ಡಿಶ್ಶನ್ನು ವರ್ಷಗಟ್ಟಲೆ ಮುಟ್ಟಬೇಕಾಗಿಲ್ಲ. ಹಾಸನದ ಬಸ್ಸಿನಲ್ಲಿ ಆ ರಸ್ತೆ ದಾಟುವಾಗ ನನಗೆ ಇದು ನೆನಪಾಗುತ್ತದೆ, ಹೆಮ್ಮೆಯೂ ಆಗುತ್ತದೆ.

ದಿಕ್ಕಿನ ಲೆಕ್ಕ ಹೀಗಿದೆ. ಹಾಸನ ಮತ್ತು ಚಿಕ್ಕಮಗಳೂರಿನಿಂದ ನೋಡಿದರೆ ಉಪಗ್ರಹ ಆಗ್ನೇಯದಲ್ಲಿದೆ. ಉತ್ತರದಿಂದ ಬಲಕ್ಕೆ ಎಣಿಸಿದರೆ ಸುಮಾರು 126 ಡಿಗ್ರಿ. ನೆಲದಿಂದ ಎತ್ತರ 64ರಿಂದ 65 ಡಿಗ್ರಿ. ಎರಡೂ ಊರಿಗೆ ವ್ಯತ್ಯಾಸ ಒಂದು ಡಿಗ್ರಿಯೂ ಇಲ್ಲ. ಮನೆಗಳಲ್ಲಿ ಹಾಕುವ ಡಿಶ್‌ಗಳು ಆಫ್‌ಸೆಟ್ ಬಗೆಯವು. ಅವುಗಳ ಮುಖ ಉಪಗ್ರಹಕ್ಕಿಂತ ಸುಮಾರು 25 ಡಿಗ್ರಿ ಕೆಳಗೆ ನೋಡುತ್ತಿರುವಂತೆ ಕಾಣುತ್ತದೆ. ಅದು ಸರಿಯಾಗಿಯೇ ಇದೆ, ಗಾಬರಿಯಾಗಿ ಮೇಲೆತ್ತಬೇಡಿ.

65 ಡಿಗ್ರಿ ಎತ್ತರ ಇರುವುದು ಕಾಫಿ ತೋಟದವರಿಗೆ ದೊಡ್ಡ ಅನುಕೂಲ. ಡಿಶ್‌ಗಿಂತ ಮರ ಎಷ್ಟು ಎತ್ತರ ಇದೆಯೋ ಅದರ ಅರ್ಧದಷ್ಟು ದೂರ ಬಿಟ್ಟರೆ ಸಾಕು. 20 ಮೀಟರ್ ಎತ್ತರದ ಸಿಲ್ವರ್ ಮರ 10 ಮೀಟರ್ ಆಚೆ ಇದ್ದರೆ ತೊಂದರೆ ಕೊಡುವುದಿಲ್ಲ. ಆಗ್ನೇಯ ದಿಕ್ಕು ಒಂದನ್ನು ನೋಡಿಕೊಳ್ಳಿ. ಸುಮ್ನೆ ಮರ ಕಡಿಸಬೇಡಿ.

ಡಿಶ್ ಮುಂದಿನ ತೋಳಿನಲ್ಲಿ ಕೂತು ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಯನ್ನು ಅದರ ಹಿಡಿಯಲ್ಲೇ ನಿಧಾನವಾಗಿ ಎರಡೂ ಕಡೆ ತಿರುಗಿಸಿ ನೋಡುವುದನ್ನು ಮರೆಯಬೇಡಿ. ಸಿಗ್ನಲ್ ನೋಡುವ ಮೀಟರಿನಲ್ಲಿ ಎರಡು ಪಟ್ಟಿ ಕಾಣುತ್ತವೆ: ಒಂದು ಸಿಗ್ನಲ್ ಬಲ, ಇನ್ನೊಂದು ಗುಣಮಟ್ಟ. ಬಲದ ಪಟ್ಟಿ ಯಾವ ಉಪಗ್ರಹಕ್ಕೆ ತಿರುಗಿಸಿದರೂ ಏರುತ್ತದೆ. ಗುಣಮಟ್ಟದ ಪಟ್ಟಿಯನ್ನು ಮಾತ್ರ ನಂಬಿ.

ಟ್ಯೂನರ್: ಒಂದರಲ್ಲೇ ಹಲವು ಚಾನೆಲ್

ಒಂದು ಟ್ಯೂನರ್‌ನಿಂದ ಒಂದೇ ಚಾನೆಲ್ ರೆಕಾರ್ಡ್ ಮಾಡಬಹುದು ಎಂದು ಎಲ್ಲರೂ ಮೊದಲು ಭಾವಿಸುತ್ತಾರೆ. ಹಾಗಲ್ಲ. ಉಪಗ್ರಹದಲ್ಲಿ ಒಂದೊಂದು ಟ್ರಾನ್ಸ್‌ಪಾಂಡರ್ (ಸಿಗ್ನಲ್ ಹಿಡಿದು ಮತ್ತೆ ಕೆಳಗೆ ಕಳಿಸುವ ಸಾಧನ) ಒಂದೊಂದು ಬಸ್ ಇದ್ದ ಹಾಗೆ. ಒಂದೇ ಬಸ್ಸಿನಲ್ಲಿ ಹತ್ತಕ್ಕಿಂತ ಜಾಸ್ತಿ ಚಾನೆಲ್‌ಗಳು ಕೂತು ಬರುತ್ತವೆ. ಟ್ಯೂನರ್ ಹಿಡಿಯುವುದು ಇಡೀ ಬಸ್ಸನ್ನು. ಹಾಗಾಗಿ ಒಂದೇ ಟ್ರಾನ್ಸ್‌ಪಾಂಡರ್‌ನಲ್ಲಿರುವ ಎರಡು ಮೂರು ಚಾನೆಲ್‌ಗಳನ್ನು ಒಂದೇ ಟ್ಯೂನರ್‌ನಿಂದ ಒಟ್ಟಿಗೆ ರೆಕಾರ್ಡ್ ಮಾಡಬಹುದು. ಎರಡು ಬೇರೆ ಟ್ರಾನ್ಸ್‌ಪಾಂಡರ್ ಒಂದೇ ಹೊತ್ತಿಗೆ ಬೇಕಾದಾಗ ಮಾತ್ರ ಎರಡನೇ ಟ್ಯೂನರ್ ಬೇಕು. ನಿಮ್ಮ ಮನೆಯಲ್ಲಿ ನೋಡುವ ಚಾನೆಲ್‌ಗಳು ಯಾವ ಟ್ರಾನ್ಸ್‌ಪಾಂಡರ್‌ನಲ್ಲಿವೆ ಎಂದು ಸೆಟ್‌ಟಾಪ್ ಬಾಕ್ಸ್‌ನ ಮೆನುವಿನಲ್ಲಿ ನೋಡಿ ಬರೆದುಕೊಳ್ಳಿ. ಆಮೇಲೆ ಟ್ಯೂನರ್ ಕೊಳ್ಳಿ.

ಯುಎಸ್‌ಬಿ ಟ್ಯೂನರ್ ಸಾಕು. ಅದರ ಮೇಲೆ ಡಿವಿಬಿ-ಎಸ್2 (ಉಪಗ್ರಹ ಟಿವಿಯ ಪ್ರಸಾರ ಮಾನದಂಡ) ಎಂದು ಇರಲಿ, ಅದು ಹಳೆಯ ಡಿವಿಬಿ-ಎಸ್ ಅನ್ನೂ ಹಿಡಿಯುತ್ತದೆ. ಲ್ಯಾಪ್‌ಟಾಪ್‌ಗೆ ನಾವು ಹಾಕುವ ಉಚಿತ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್‌ನ ಕರ್ನೆಲ್‌ನಲ್ಲೇ (ಅದರ ತಿರುಳಿನಲ್ಲೇ) ಈ ಟ್ಯೂನರ್‌ನ ಡ್ರೈವರ್ ಇದೆಯೇ ಎಂದು ಕೊಳ್ಳುವ ಮೊದಲೇ ಖಚಿತ ಮಾಡಿಕೊಳ್ಳಿ. ಡ್ರೈವರನ್ನು ಬೇರೆ ಕಡೆಯಿಂದ ತಂದು ಹಾಕಬೇಕಾದರೆ ಪ್ರತಿ ಅಪ್‌ಡೇಟ್ ಆದಾಗಲೂ ಅದೇ ಕೆಲಸ ಮತ್ತೆ ಮಾಡಬೇಕಾಗುತ್ತದೆ.

ಹಳೇ ಸೆಟ್‌ಟಾಪ್ ಬಾಕ್ಸ್ ಕೂಡ ನಡೆಯಲಿ ಎನ್ನುವವರು ಎರಡು ಔಟ್‌ಪುಟ್ ಇರುವ ಎಲ್‌ಎನ್‌ಬಿ ಹಾಕಿ. ಟ್ಯೂನರ್ 13 ಅಥವಾ 18 ವೋಲ್ಟ್ ಕಳಿಸಿ ಎಲ್‌ಎನ್‌ಬಿಗೆ ಯಾವ ಧ್ರುವೀಕರಣ (ಅಡ್ಡ ತರಂಗವೋ, ನೆಟ್ಟಗಿನ ತರಂಗವೋ) ಬೇಕು ಎಂದು ಹೇಳುತ್ತದೆ. ಒಂದೇ ಕೇಬಲನ್ನು ಸೀಳಿ ಎರಡಕ್ಕೆ ಕೊಟ್ಟರೆ ಒಂದು 13 ಕೇಳುವಾಗ ಇನ್ನೊಂದು 18 ಕೇಳಿ, ಒಂದರ ಚಾನೆಲ್‌ಗಳು ಮಾಯವಾಗುತ್ತವೆ.

ಇಷ್ಟೆಲ್ಲ ಬೇಡ, ಒಂದೇ ಟಿವಿಯಲ್ಲಿ ಆಮೇಲೆ ನೋಡಿದರೆ ಸಾಕು ಎನ್ನುವವರಿಗೆ ಪೆನ್‌ಡ್ರೈವ್‌ಗೆ ರೆಕಾರ್ಡ್ ಮಾಡುವ ಸಾದಾ ಬಾಕ್ಸ್‌ಗಳಿವೆ. ಅದೂ ಒಳ್ಳೆಯ ದಾರಿಯೇ.

ಲ್ಯಾಪ್‌ಟಾಪೇ ಯಾಕೆ

ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬಗ್ಗೆ ಎಲ್ಲ ಕಡೆ ಓದುತ್ತೀರಿ. ಒಳ್ಳೆಯ ಯಂತ್ರ. ಆದರೆ ನಮ್ಮ ಕಡೆಗೆ ನಾನು ಹಳೇ ಲ್ಯಾಪ್‌ಟಾಪನ್ನೇ ಹೇಳುತ್ತೇನೆ. ಪೈ 4 ಮತ್ತು ಅದಕ್ಕಿಂತ ಹಳೆಯವುಗಳಲ್ಲಿ ಗಡಿಯಾರದ ಚಿಪ್ ಇಲ್ಲ. ಆನ್ ಆದ ಮೇಲೆ ನೆಟ್‌ನಿಂದ ಸಮಯ ಕೇಳಿ ತಿಳಿದುಕೊಳ್ಳಬೇಕು. ಮಳೆಗಾಲದಲ್ಲಿ ಕರೆಂಟ್ ಹೋದಾಗ ನೆಟ್ ಕೂಡ ಹೋಗುತ್ತದೆ, ಅಲ್ವಾ? ಕರೆಂಟ್ ಬಂದರೂ ನೆಟ್ ಬರುವವರೆಗೆ ಪೈಗೆ ಸಮಯ ಗೊತ್ತಿರುವುದಿಲ್ಲ, ಸಂಜೆಯ ರೆಕಾರ್ಡಿಂಗ್ ತಪ್ಪಿಹೋಗುತ್ತದೆ. ಲ್ಯಾಪ್‌ಟಾಪ್‌ಗೆ ತನ್ನದೇ ಗಡಿಯಾರ ಇದೆ, ಬ್ಯಾಟರಿಯೂ ಇದೆ. ಟ್ಯೂನರ್‌ನ ಅಡಾಪ್ಟರನ್ನು ಮಾತ್ರ ಮನೆಯ ಯುಪಿಎಸ್ ಲೈನಿಗೆ ಕೊಡಿ. ಲ್ಯಾಪ್‌ಟಾಪಿನ ಮುಚ್ಚಳ ಹಾಕಿದರೂ ನಿದ್ದೆಗೆ ಹೋಗದಂತೆ ಸೆಟ್ಟಿಂಗ್ ಬದಲಾಯಿಸಿ. ಲಿನಕ್ಸ್‌ನ ಒಂದು ರೂಪವಾದ ಡೆಬಿಯನ್ ಹಾಕಿದರೆ ಸಾಕು.

ಟಿವಿಹೆಡ್‌ಎಂಡ್‌ನ ನಾಲ್ಕು ಮೆಟ್ಟಿಲು

ರೆಕಾರ್ಡ್ ಮಾಡುವ ಉಚಿತ ತಂತ್ರಾಂಶ ಟಿವಿಹೆಡ್‌ಎಂಡ್. ಹಾಕಿದ ಮೇಲೆ ಬ್ರೌಸರ್‌ನಲ್ಲಿ ಲ್ಯಾಪ್‌ಟಾಪಿನ ವಿಳಾಸದ ಕೊನೆಗೆ ಪೋರ್ಟ್ ಸಂಖ್ಯೆ :9981 ಸೇರಿಸಿ ತೆರೆಯಿರಿ. ಹೊಸಬರು ಸಿಕ್ಕಿಹಾಕಿಕೊಳ್ಳುವುದು ಇಲ್ಲಿನ ನಾಲ್ಕು ಹೆಸರುಗಳಲ್ಲಿ: ನೆಟ್‌ವರ್ಕ್, ಮಕ್ಸ್, ಸರ್ವಿಸ್, ಚಾನೆಲ್. ನೆಟ್‌ವರ್ಕ್ ಎಂದರೆ ಇಡೀ ಉಪಗ್ರಹ. ಮಕ್ಸ್ ಎಂದರೆ ಒಂದು ಟ್ರಾನ್ಸ್‌ಪಾಂಡರ್, ಅದಕ್ಕೆ ನೀವು ಬರೆದುಕೊಂಡ ಫ್ರೀಕ್ವೆನ್ಸಿ, ಧ್ರುವೀಕರಣ, ಸಿಂಬಲ್ ರೇಟ್ (ಸಿಗ್ನಲ್ ಬರುವ ವೇಗ) ತುಂಬಬೇಕು. ಮಕ್ಸನ್ನು ಸ್ಕ್ಯಾನ್ ಮಾಡಿದಾಗ ಒಳಗೆ ಸಿಗುವುದು ಸರ್ವಿಸ್‌ಗಳು. ಅವುಗಳಲ್ಲಿ ಬೇಕಾದವನ್ನು ಆರಿಸಿ ಹೆಸರು ಕೊಟ್ಟಾಗ ಚಾನೆಲ್ ಆಗುತ್ತದೆ. ಮೇಲಿನ ಮೆಟ್ಟಿಲು ತಪ್ಪಿದ್ದರೆ ಕೆಳಗಿನದು ಖಾಲಿ ಕಾಣುತ್ತದೆ. ಚಾನೆಲ್ ಇಲ್ಲ ಎಂದಾಗ ಸರ್ವಿಸ್ ಇದೆಯೇ ನೋಡಿ, ಅದೂ ಇಲ್ಲದಿದ್ದರೆ ಮಕ್ಸ್ ಸ್ಕ್ಯಾನ್ ಆಗಿದೆಯೇ ನೋಡಿ. ಅದೂ ಆಗದಿದ್ದರೆ ತಾರಸಿಗೆ ಹತ್ತಿ.

ಕಾರ್ಯಕ್ರಮಗಳ ಪಟ್ಟಿ ಎಲ್ಲ ಚಾನೆಲ್‌ಗಳಿಗೂ ಬರುವುದಿಲ್ಲ. ಹಾಗಾಗಿ ಹೆಸರು ಹುಡುಕಿ ರೆಕಾರ್ಡ್ ಮಾಡುವುದನ್ನು ಬಿಟ್ಟು, ವಾರದ ಯಾವ ದಿನ ಎಷ್ಟು ಗಂಟೆಗೆ ಎಂದು ಟೈಮರ್ ಇಡಿ. ಮೊದಲು 5 ನಿಮಿಷ, ಕೊನೆಗೆ 15 ನಿಮಿಷ ಜಾಸ್ತಿ ಕೊಡಿ. ಡಿಸ್ಕ್ ಜಾಗದ ಲೆಕ್ಕ ಮೇಲೆ ನೋಡಿದ್ದೀರಲ್ಲ, ಜಿಪುಣತನ ಬೇಡ.

ನೋಡುವ ಕಡೆ

ರೆಕಾರ್ಡ್ ಆದ ಫೈಲ್‌ಗಳಿರುವ ಫೋಲ್ಡರನ್ನು ಜೆಲ್ಲಿಫಿನ್ ಎಂಬ, ಮನೆಯ ಟಿವಿ, ಫೋನುಗಳಿಗೆ ವಿಡಿಯೋ ಹಂಚುವ ತಂತ್ರಾಂಶಕ್ಕೆ ತೋರಿಸಿ. ಇದೂ ಉಚಿತ, ಪೋರ್ಟ್ 8096. ಫೋಟೋ, ಹಾಡು, ಮದುವೆ ವಿಡಿಯೋಗಳನ್ನೂ ಇದರಲ್ಲೇ ಇಡಬಹುದು. ಮೊದಲ ಪ್ಯಾರಾದ ಮಾತು ಇಲ್ಲಿ ಕೆಲಸಕ್ಕೆ ಬರುತ್ತದೆ. ಸಾಧಾರಣ ಗುಣಮಟ್ಟದ ಚಾನೆಲ್‌ಗಳು ಹೆಚ್ಚಾಗಿ ಎಂಪೆಗ್-2 ಎಂಬ ಹಳೆಯ ವಿಡಿಯೋ ರೂಪದಲ್ಲಿರುತ್ತವೆ. ಬ್ರೌಸರ್‌ಗಳು ಅದನ್ನು ನೇರವಾಗಿ ಆಡಿಸುವುದಿಲ್ಲ. ಆಗ ಜೆಲ್ಲಿಫಿನ್ ಕೂತಲ್ಲೇ ರೂಪ ಬದಲಾಯಿಸಿ ಕಳಿಸುತ್ತದೆ, ಲ್ಯಾಪ್‌ಟಾಪ್ ಬಿಸಿಯಾಗುತ್ತದೆ, ಚಿತ್ರ ತಡೆದು ತಡೆದು ಬರುತ್ತದೆ. ಕೋಡಿ ಅಥವಾ ವಿಎಲ್‌ಸಿ ಎಂಬ ಪ್ಲೇಯರ್ ಬಳಸಿದರೆ ಫೈಲ್ ಇದ್ದ ಹಾಗೇ ಓಡುತ್ತದೆ. ಟಿವಿಯಲ್ಲಿ ಕೋಡಿ, ಫೋನಿನಲ್ಲಿ ವಿಎಲ್‌ಸಿ ಹಾಕಿಕೊಳ್ಳಿ. ಬದಲಾಯಿಸಲೇಬೇಕಾದರೆ 2011ರ ನಂತರದ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಿನವಕ್ಕೆ ಕ್ವಿಕ್ ಸಿಂಕ್ (ವಿಡಿಯೋ ರೂಪ ಬದಲಾಯಿಸಲು ಚಿಪ್‌ನೊಳಗೇ ಇರುವ ಸೌಲಭ್ಯ) ಇದೆ, ಆ ಸೆಟ್ಟಿಂಗ್ ಆನ್ ಮಾಡಿ. ಓಡುವ ದೃಶ್ಯಗಳಲ್ಲಿ ಅಡ್ಡ ಗೆರೆಗಳು ಕಂಡರೆ ಪ್ಲೇಯರ್‌ನಲ್ಲಿ ಡಿಇಂಟರ್‌ಲೇಸ್ ಆನ್ ಮಾಡಿ. ಪ್ರಸಾರವೇ ಒಂದು ಗೆರೆ ಬಿಟ್ಟು ಒಂದು ಗೆರೆಯಂತೆ ಬರುತ್ತದೆ, ರೆಕಾರ್ಡಿಂಗ್ ಕೆಟ್ಟಿಲ್ಲ.

"ಇದಕ್ಕೆಲ್ಲ ನೆಟ್ ಪ್ಯಾಕ್ ಖಾಲಿಯಾಗಲ್ವಾ?" ಎಂದು ಮನೆಯವರು ಕೇಳಿಯೇ ಕೇಳುತ್ತಾರೆ. ಆಗುವುದಿಲ್ಲ. ಲ್ಯಾಪ್‌ಟಾಪಿನಿಂದ ಟಿವಿಗೆ ಹೋಗುವುದು ಮನೆಯ ವೈಫೈ ಒಳಗೇ. ಸಾಲು ಕಡಿದುಹೋಗಿ ನೆಟ್ ಇಲ್ಲದ ದಿನಗಳಲ್ಲೂ ರೂಟರ್‌ಗೆ ಕರೆಂಟ್ ಇದ್ದರೆ ಸಾಕು, ನೋಡಬಹುದು. ದಪ್ಪ ಮಣ್ಣಿನ ಗೋಡೆಯ ಹಳೇ ಮನೆಗಳಲ್ಲಿ ವೈಫೈ ಒಳಕೋಣೆಗೆ ತಲುಪದಿದ್ದರೆ ಒಂದು ಲ್ಯಾನ್ ಕೇಬಲ್ ಎಳೆದುಬಿಡಿ.

ಸ್ವಂತ ಉಪಯೋಗಕ್ಕೆ ಪ್ರಸಾರವನ್ನು ರೆಕಾರ್ಡ್ ಮಾಡಿಕೊಳ್ಳಲು 1957ರ ಕೃತಿಸ್ವಾಮ್ಯ ಕಾಯ್ದೆಯ 39ನೇ ಸೆಕ್ಷನ್ ಅವಕಾಶ ಕೊಡುತ್ತದೆ. ವಾಟ್ಸಾಪ್ ಗುಂಪಿಗೆ ಹಾಕುವುದು ಅದರೊಳಗೆ ಬರುವುದಿಲ್ಲ.

ಮಳೆ, ಸಿಡಿಲು

ಈ ಸಿಗ್ನಲ್ ಸುಮಾರು 11 ಗಿಗಾಹರ್ಟ್ಜ್‌ನದು, ತರಂಗದ ಉದ್ದ 3 ಸೆಂಟಿಮೀಟರ್‌ಗಿಂತ ಕಡಿಮೆ. ದಪ್ಪ ಹನಿಯ ಮಳೆ ಇದನ್ನು ಹೀರುತ್ತದೆ, ಚದುರಿಸುತ್ತದೆ. 60 ಸೆಂಟಿಮೀಟರ್ ಡಿಶ್ ಬದಲು 90ರದ್ದು ಹಾಕಿದರೆ ಹಿಡಿಯುವ ಮೈ ಎರಡೂಕಾಲು ಪಟ್ಟು ಆಗುತ್ತದೆ. ಜಡಿಮಳೆಗೆ ಅದೂ ಸೋಲುತ್ತದೆ, ಆದರೆ ಸಾಧಾರಣ ಮಳೆಗೆ ರೆಕಾರ್ಡಿಂಗ್ ಕಡಿಯುವುದು ತಪ್ಪುತ್ತದೆ. ಘಟ್ಟದ ಅಂಚಿನವರು ಮೊದಲೇ ದೊಡ್ಡದು ಹಾಕುವುದು ಲೇಸು. ಕೇಬಲ್ ಎಲ್‌ಎನ್‌ಬಿಗೆ ಸೇರುವ ಕಡೆ ರಬ್ಬರ್ ಟೇಪ್ ಸುತ್ತಿ. ಮನೆಯೊಳಗೆ ಬರುವ ಮುಂಚೆ ಕೇಬಲ್ ಕೆಳಗೆ ಜೋತು ಬಿದ್ದು ಮೇಲೇರುವಂತೆ ಬಿಡಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಡಿಶ್ ಕಂಬಕ್ಕೆ ಅರ್ಥಿಂಗ್ ಕೊಡಿಸಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಕಟ್ಟುತ್ತಿರುವಾಗಲೇ ಟ್ಯೂನರ್‌ನಿಂದ ಕೇಬಲ್ ಬಿಚ್ಚಿಡಿ. ಗುಡುಗು ಶುರುವಾದ ಮೇಲೆ ಅದನ್ನು ಮುಟ್ಟಬೇಡಿ. ಅವತ್ತಿನ ರೆಕಾರ್ಡಿಂಗ್ ಹೋದರೆ ಹೋಗಲಿ.

ಮಳೆಗಾಲ ಮುಗಿದು ಆಕಾಶ ತಿಳಿಯಾದ ಒಂದು ದಿನ ಪ್ರತಿ ಮಕ್ಸ್‌ನ ಗುಣಮಟ್ಟದ ಅಂಕಿಯನ್ನು ಪುಸ್ತಕದಲ್ಲಿ ಬರೆದಿಡಿ. ಮುಂದೆ ಯಾವಾಗಲಾದರೂ ಎಲ್ಲ ಮಕ್ಸ್‌ಗಳಲ್ಲೂ ಅಂಕಿ ಇಳಿದಿದ್ದರೆ ಡಿಶ್ ಅಲುಗಿರಬಹುದು ಅಥವಾ ಕೇಬಲ್‌ಗೆ ನೀರು ಸೇರಿರಬಹುದು. ಒಂದೇ ಧ್ರುವೀಕರಣದವು ಮಾತ್ರ ಇಳಿದಿದ್ದರೆ ಎಲ್‌ಎನ್‌ಬಿಯನ್ನೇ ಮೊದಲು ಪರೀಕ್ಷಿಸಿ.