ಗೋಬಿ ಗಾಡಿ ಮುಂದೆ ನಿಂತ ಹುಡುಗ

ಅಕ್ಕನ ಮಗನಿಗೆ ಈಗ 14. ಟ್ಯೂಷನ್ ಮುಗಿಸಿ ಬರುವಾಗ ಸಂಜೆ ಆರೂವರೆ, ಹೊಟ್ಟೆ ಚುರುಗುಟ್ಟುವ ಹೊತ್ತು. ತಿರುವಿನಲ್ಲೇ ಗೋಬಿ ಗಾಡಿ. ಬಾಣಲೆಯ ಸದ್ದು, ಬೆಳ್ಳುಳ್ಳಿ ಘಮ, ದೂರದಿಂದಲೇ ಕಣ್ಣಿಗೆ ಹೊಡೆಯುವ ಕೆಂಪು. ಅಲ್ಲಿ ನಿಂತು ‘ಅದೆಲ್ಲ ತಿನ್ಬೇಡ ಕಣೋ’ ಅಂದರೆ ಯಾರು ಕೇಳುತ್ತಾರೆ?

ಅವನನ್ನು ಬೈದು ಪ್ರಯೋಜನವಿಲ್ಲ. ಈ ವಯಸ್ಸಿನಲ್ಲಿ ಮೈ ಸರಸರ ಬೆಳೆಯುತ್ತದೆ, ಹಸಿವು ನಿಜವಾದದ್ದೇ. ಮಿದುಳಿನಲ್ಲಿ ಆಸೆ ಹುಟ್ಟಿಸುವ ಭಾಗ ಬೇಗ ಚುರುಕಾಗುತ್ತದೆ. ‘ತಡಿ, ಯೋಚನೆ ಮಾಡು’ ಅನ್ನುವ, ಹಣೆಯ ಹಿಂದಿನ ಭಾಗ ಪೂರ್ತಿ ಬಲಿಯಲು ಇಪ್ಪತ್ತು ದಾಟಬೇಕು. ಮುಂದೆಂದೋ ಬರುವ ಸಕ್ಕರೆ ಕಾಯಿಲೆಯ ಮಾತು ಅವನಿಗೆ ಯಾರದೋ ತಾತನ ಕತೆ.

ಆದರೆ ತನ್ನನ್ನು ಯಾರೋ ಯಾಮಾರಿಸುತ್ತಿದ್ದಾರೆ ಅಂತ ಗೊತ್ತಾದರೆ ಈ ವಯಸ್ಸಿನವರು ಸುಮ್ನಿರಲ್ಲ. ಅಮೆರಿಕದ ಟೆಕ್ಸಾಸ್‌ನಲ್ಲಿ ಕ್ರಿಸ್ಟೋಫರ್ ಬ್ರಯನ್ ಮತ್ತು ಸಂಗಡಿಗರು ಎಂಟನೇ ತರಗತಿಯ ಮಕ್ಕಳ ಜೊತೆ ಇದನ್ನೇ ಪರೀಕ್ಷಿಸಿ ನೋಡಿದರು. ಒಂದು ಗುಂಪಿಗೆ ಒಳ್ಳೆಯ ಆಹಾರದ ಮಾಮೂಲಿ ಪಾಠ. ಇನ್ನೊಂದು ಗುಂಪಿಗೆ, ಜನ ಜಾಸ್ತಿ ತಿನ್ನಲಿ ಅಂತ ಕಂಪನಿಗಳು ಏನೇನು ಉಪಾಯ ಹೂಡುತ್ತವೆ ಅನ್ನುವ ವಿವರ. ಆಮೇಲೆ ಜಾಹೀರಾತುಗಳ ಮೇಲೆ ಗೀಚಿ, ನಿಜ ಏನೆಂದು ಬರೆಯುವ ಕೆಲಸ. ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಎರಡನೇ ಗುಂಪಿನ ಹುಡುಗರು ಶಾಲೆಯ ಕ್ಯಾಂಟೀನಿನಲ್ಲಿ ಜಂಕ್ ಕೊಳ್ಳುವುದನ್ನು ಹೆಚ್ಚು ಕಡಿಮೆ ಮೂರರಲ್ಲೊಂದು ಪಾಲು ಇಳಿಸಿದ್ದರು. ಅದೂ ತಿಂಗಳುಗಟ್ಟಲೆ. ಹುಡುಗಿಯರ ಖರೀದಿಯಲ್ಲಿ ಮಾತ್ರ ಎರಡು ಪಾಠಗಳ ನಡುವೆ ಅಂಥ ವ್ಯತ್ಯಾಸ ಕಾಣಲಿಲ್ಲ.

ನಾನೂ ಅದೇ ದಾರಿ ಹಿಡಿದೆ. ಮೊದಲು ಆ ಕೆಂಪು. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಪರೀಕ್ಷಿಸಿದ ಮಿಠಾಯಿಗಳಲ್ಲಿ ರೋಡಮಿನ್-ಬಿ ಕೂಡ ಸಿಕ್ಕಿತ್ತು. ಅದು ಬಟ್ಟೆಗೆ ಹಾಕುವ ಬಣ್ಣ. ‘ಹಾಗಾದ್ರೆ ಮೆಣಸಿನಕಾಯಿ ಕೆಂಪಲ್ವಾ ಚಿಕ್ಕಿ?’ ಅಂದ. ಅವನ ಮುಖ ನೋಡಬೇಕಿತ್ತು.

ಆಮೇಲೆ ಕೂಲ್‌ಡ್ರಿಂಕ್ಸ್. ಬಾಟಲಿ ಹಿಂದಿನ ಸಣ್ಣಕ್ಷರ ಅವನೇ ಓದಿದ: 100 ಮಿಲಿಗೆ ಸುಮಾರು 11 ಗ್ರಾಂ ಸಕ್ಕರೆ. 250 ಮಿಲಿ ಬಾಟಲಿಗೆ ಎಷ್ಟಾಯ್ತು? ಡಬ್ಬಿಯಿಂದ ಸಕ್ಕರೆ ತಂದು ಲೋಟಕ್ಕೆ ಹಾಕಿಸಿದೆ. ಒಂದು, ಎರಡು, ಮೂರು... ಆರು ಚಮಚ. ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದೇ ಬಾಟಲಿಗೆ ಅದು ಮುಗಿಯಿತು. ಸಿಹಿ ನೀರು ಘನ ಆಹಾರದಷ್ಟು ಹೊಟ್ಟೆ ತುಂಬಿಸುವುದೂ ಇಲ್ಲ. ಹಾಗಾಗಿ ಮೇಲೆ ತಿಂಡಿ ಬೇಕೇ ಬೇಕು.

ದರ್ಶಿನಿಗೆ ಹೋದರೆ ಕೆಲಸ ಸುಲಭ. ಇಡ್ಲಿ ಹುದುಗು ಬಂದ ಹಿಟ್ಟಿನದು, ಹಬೆಯಲ್ಲಿ ಬೆಂದದ್ದು, ಎಣ್ಣೆ ಇಲ್ಲದ್ದು. ಜೊತೆಗೆ ಒಂದು ವಡೆ ಇರಲಿ ಬಿಡಿ, ಅದಕ್ಕೆ ನನ್ನ ತಕರಾರಿಲ್ಲ. ವಡೆ ಬೇಡ ಅಂತ ನಾವು ಅಂದರೆ, ನಾಳೆಯಿಂದ ಅವನು ನಮ್ಮ ಜೊತೆ ಹೋಟೆಲಿಗೇ ಬರಲ್ಲ.

ಗೆಳೆಯರ ಜೊತೆ ಹೋಗುವ ದಿನ ಬೇರೆ ಉಪಾಯ. ಟ್ಯೂಷನ್ ಬ್ಯಾಗಿನಲ್ಲಿ ಒಂದು ಬಾಳೆಹಣ್ಣು, ಒಂದು ಹಿಡಿ ಹುರಿದ ಕಡಲೆಕಾಯಿ. ದಾರಿಯಲ್ಲೇ ತಿಂದಿರುತ್ತಾನೆ. ಗಾಡಿ ಮುಂದೆ ನಿಲ್ಲುವ ಹೊತ್ತಿಗೆ ಹಸಿವಿನ ಅಬ್ಬರ ಇರಲ್ಲ.

ಗೋಬಿ ಬಿಟ್ಟಿಲ್ಲ ಅವನು. ಮೊನ್ನೆ ಮೂವರು ಸೇರಿ ಒಂದೇ ಪ್ಲೇಟ್ ತಗೊಂಡರಂತೆ. ಕೇಳಿದ್ದು ಇವನೇ: ‘ಅಣ್ಣಾ, ಕಲರ್ ಹಾಕ್ಬೇಡಿ.’