ಬ್ರೇಕ್-ಇನ್ ಆಯಿಲ್: ಬಿಚ್ಚಿ ಕಟ್ಟಿದ ಬೋಟ್ ಎಂಜಿನ್‌ಗೆ ಮೊದಲು ಯಾವ ಎಣ್ಣೆ?

ಎಂಜಿನ್ ಬಿಚ್ಚಿ, ಬೋರ್ ಮಾಡಿಸಿ (ಸವೆದ ಸಿಲಿಂಡರನ್ನು ಒಳಗಿನಿಂದ ಕೊರೆದು ಸರಿಮಾಡಿಸಿ), ಹೊಸ ಪಿಸ್ಟನ್ ಮತ್ತು ರಿಂಗ್ ಹಾಕಿ ಕಟ್ಟಿದ ಮೇಲೆ ಮೊದಲ ಕೆಲವು ಗಂಟೆಗಳ ಓಟಕ್ಕೆ ಹಾಕುವ ಎಣ್ಣೆಯೇ ಬ್ರೇಕ್-ಇನ್ ಆಯಿಲ್. ಆ ಮೊದಲ ಓಟಕ್ಕೆ ನಮ್ಮ ಗ್ಯಾರೇಜುಗಳಲ್ಲಿ ರನ್ನಿಂಗ್-ಇನ್ ಎನ್ನುತ್ತಾರೆ. ಕಾರು, ಬೈಕುಗಳಿಗೆ ಇದ್ದ ಹಾಗೆ ಜೆಟ್ ಸ್ಕೀಗೂ, ದೋಣಿಯ ಹಿಂದೆ ಕೂರಿಸುವ ಔಟ್‌ಬೋರ್ಡ್ ಎಂಜಿನ್‌ಗೂ ಇದು ಇದೆ. ಆದರೆ ನೀರಿನ ಮೇಲಿನ ಎಂಜಿನ್‌ಗೆ ರಸ್ತೆ ಗಾಡಿಯ ಲೆಕ್ಕ ಪೂರ್ತಿ ಹೊಂದುವುದಿಲ್ಲ. ಸಾವಿರಾರು ರೂಪಾಯಿಯ ಕೆಲಸ ಮಾಡಿಸಿ ಎಣ್ಣೆಯಲ್ಲಿ ಎಡವಿದರೆ ಎಂಜಿನ್ ಮತ್ತೆ ಬಿಚ್ಚಬೇಕಾಗುತ್ತದೆ.

ಮೊದಲು ಒಳಗೆ ಏನು ನಡೆಯುತ್ತದೆ ನೋಡೋಣ. ಬೋರ್ ಮಾಡಿದ ಸಿಲಿಂಡರ್ ಗೋಡೆಯನ್ನು ಕನ್ನಡಿಯಂತೆ ನುಣುಪು ಮಾಡುವುದಿಲ್ಲ. ಹೋನಿಂಗ್ ಕಲ್ಲಿನಿಂದ ಅದರ ಮೇಲೆ ಅಡ್ಡಡ್ಡ ಹಾಯುವ ಸಣ್ಣ ಗೀರುಗಳನ್ನು ಬೇಕೆಂದೇ ಎಳೆಯುತ್ತಾರೆ. ಈ ಗೀರುಗಳ ತಗ್ಗಿನಲ್ಲಿ ಎಣ್ಣೆ ನಿಲ್ಲುತ್ತದೆ. ದಿಬ್ಬಗಳು ಹೊಸ ರಿಂಗಿನ ಅಂಚಿಗೆ ಉಜ್ಜಿ ತುಸು ಸವೆಯುತ್ತವೆ, ರಿಂಗೂ ಸವೆಯುತ್ತದೆ. ಹೀಗೆ ಎರಡೂ ಒಂದಕ್ಕೊಂದು ಕೂಡಿಕೊಂಡಾಗ ರಿಂಗ್ 'ಸೀಟ್' ಆಯಿತು ಎನ್ನುತ್ತಾರೆ. ಆಗ ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ, ಸೋರುವುದಿಲ್ಲ, ಎಣ್ಣೆ ಮೇಲೇರಿ ಉರಿಯುವುದಿಲ್ಲ. ಅಂದರೆ ಈ ಹೊತ್ತಿನಲ್ಲಿ ನಮಗೆ ಸ್ವಲ್ಪ ಸವೆತ ಬೇಕು. ಸವೆತವನ್ನು ಪೂರ್ತಿ ತಡೆಯುವ ಎಣ್ಣೆ ಇಲ್ಲಿ ನಮಗೆ ಬೇಡ.

ಸಿಂಥೆಟಿಕ್ (ರಾಸಾಯನಿಕವಾಗಿ ತಯಾರಿಸಿದ ಎಣ್ಣೆ) ಬೇಡ, ಮಿನರಲ್ (ಕಚ್ಚಾತೈಲ ಶುದ್ಧೀಕರಿಸಿ ತೆಗೆದದ್ದು) ಹಾಕಿ ಎಂಬ ಹಳೆಯ ಮಾತು ಹುಟ್ಟಿದ್ದು ಇಲ್ಲಿಂದಲೇ. ಅದು ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಅಮೆರಿಕದ ಸ್ಪೋರ್ಟ್ಸ್ ಕಾರು ಶೆವ್ರೊಲೆ ಕಾರ್ವೆಟ್ 1992ರಿಂದ ಕಾರ್ಖಾನೆಯಲ್ಲೇ ಸಿಂಥೆಟಿಕ್ ಎಣ್ಣೆ ತುಂಬಿಸಿಕೊಂಡು ಹೊರಬರುತ್ತಿದೆ. ಅದರ ರಿಂಗುಗಳು ಚೆನ್ನಾಗಿಯೇ ಕೂರುತ್ತವೆ. ಆದರೆ ಕಾರ್ಖಾನೆಯ ಹೋನಿಂಗ್ ಬೇರೆ, ವರ್ಕ್‌ಶಾಪಿನದು ಬೇರೆ. ಕಾರ್ಖಾನೆಯಲ್ಲಿ ಗೀರು ಎಳೆದ ಮೇಲೆ ಅದರ ತುದಿಗಳನ್ನು ಮತ್ತೊಮ್ಮೆ ನಯವಾಗಿ ಕತ್ತರಿಸಿರುತ್ತಾರೆ, ರಿಂಗಿಗೆ ಅರ್ಧ ಕೆಲಸ ಅಲ್ಲೇ ಮುಗಿದಿರುತ್ತದೆ. ಕೈಯಲ್ಲಿ ಹಿಡಿದು ಹೋನ್ ಮಾಡಿದ ಬೋರಿನಲ್ಲಿ ಆ ಕೆಲಸವೂ ಎಂಜಿನ್ ಮೇಲೇ ಬೀಳುತ್ತದೆ. ಹಾಗಾಗಿ ಬಿಚ್ಚಿ ಕಟ್ಟಿದ ಫೋರ್-ಸ್ಟ್ರೋಕ್ ಎಂಜಿನ್‌ಗೆ ಮಿನರಲ್ ಎಣ್ಣೆಯೇ ಸರಿ ಎಂದು ನಾನು ಹೇಳುತ್ತೇನೆ. ಅದಕ್ಕಿಂತ ಮುಖ್ಯವಾದದ್ದು, ಅದರಲ್ಲಿ ಫ್ರಿಕ್ಷನ್ ಮಾಡಿಫೈಯರ್, ಅಂದರೆ ಉಜ್ಜಾಟ ಕಡಿಮೆ ಮಾಡಲೆಂದೇ ಬೆರೆಸುವ ರಾಸಾಯನಿಕ ಇರಬಾರದು. ಮೈಲೇಜ್ ಜಾಸ್ತಿ ಕೊಡುತ್ತದೆ ಎಂದು ಮಾರುವ ತೆಳು ಕಾರಿನ ಎಣ್ಣೆಗಳಲ್ಲಿ ಅದು ಇರುವುದು ಸಾಮಾನ್ಯ. ಬೈಕಿನ ವೆಟ್ ಕ್ಲಚ್‌ಗೆಂದು (ಎಂಜಿನ್ ಎಣ್ಣೆಯಲ್ಲೇ ಮುಳುಗಿರುವ ಕ್ಲಚ್) ಬರುವ, ಡಬ್ಬದ ಮೇಲೆ ಜಾಸೋ ಎಂಎ ಎಂದು ಬರೆದಿರುವ ಎಣ್ಣೆಯಲ್ಲಿ ಕ್ಲಚ್ ಜಾರಿಸುವಂಥ ಮಾಡಿಫೈಯರ್ ಇರುವುದಿಲ್ಲ. ಅದರ ಗ್ರೇಡ್, ಅಂದರೆ ದಪ್ಪದ ಅಳತೆ, ಮ್ಯಾನುಯಲ್‌ಗೆ ಹೊಂದಿದರೆ ಮೊದಲ ಓಟಕ್ಕೆ ಅದು ನಡೆಯುತ್ತದೆ.

ಜೆಟ್ ಸ್ಕೀಯಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇದೆ. ಸೀ-ಡೂ ಕಂಪನಿ 2002ರಲ್ಲಿ ರೋಟಾಕ್ಸ್ 4-ಟೆಕ್ ಎಂಬ ಫೋರ್-ಸ್ಟ್ರೋಕ್ ಎಂಜಿನ್ ತಂದಿತು, ಮರುವರ್ಷವೇ ಅದಕ್ಕೆ ಸೂಪರ್‌ಚಾರ್ಜರ್ (ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಸಾಧನ) ಕೂರಿಸಿತು. ಆ ಸೂಪರ್‌ಚಾರ್ಜರ್ ಒಳಗೊಂದು ಜಾರು ಕ್ಲಚ್ ಇದೆ, ಅದು ಎಂಜಿನ್ ಎಣ್ಣೆಯಲ್ಲೇ ನೆನೆಯುತ್ತದೆ. ಎಣ್ಣೆ ಅತಿ ನುಣುಪಾದರೆ ಕ್ಲಚ್ ಹಿಡಿಯಬೇಕಾದಲ್ಲಿ ಹಿಡಿಯುವುದಿಲ್ಲ. ಅದಕ್ಕೇ ಆ ಮಾಡೆಲ್‌ಗಳ ಮ್ಯಾನುಯಲ್‌ನಲ್ಲಿ ಸಿಂಥೆಟಿಕ್ ಎಣ್ಣೆ ಹಾಕಬೇಡಿ ಎಂದು ಎಚ್ಚರಿಸಿದ್ದರು. ಅಂಗಡಿಯವರ ಸಲಹೆಗಿಂತ ನಿಮ್ಮ ಎಂಜಿನ್‌ನ ಮ್ಯಾನುಯಲ್ ಮೊದಲು ಓದಿ ಎಂದು ಒತ್ತಿ ಹೇಳುವುದು ಇದಕ್ಕೇ.

ನೀರಿನಲ್ಲಿ ತುಕ್ಕಿನ ಲೆಕ್ಕವೂ ಸೇರುತ್ತದೆ, ಅದರಲ್ಲೂ ಉಪ್ಪುನೀರಿನಲ್ಲಿ. ಎಫ್‌ಸಿ-ಡಬ್ಲ್ಯೂ ಎಂಬ ಗುರುತು ಇರುವ ಎಣ್ಣೆ ದೋಣಿಯ ಫೋರ್-ಸ್ಟ್ರೋಕ್‌ಗೆಂದೇ ಪರೀಕ್ಷೆಯಾದದ್ದು, ಅದರಲ್ಲಿ ತುಕ್ಕು ತಡೆಯುವ ಪರೀಕ್ಷೆಯೂ ಸೇರಿದೆ. ಬೈಕ್ ಎಣ್ಣೆಗೆ ಆ ಪರೀಕ್ಷೆ ಇಲ್ಲ. ಆದ್ದರಿಂದ ಅದನ್ನು ಹಾಕಿ ಒಂದು ಸುತ್ತು ಓಡಿಸಿ, ಮಳೆಗಾಲವಿಡೀ ಶೆಡ್ಡಿನಲ್ಲಿ ಬಿಡುವುದು ತಪ್ಪು. ಓಡಿಸಿ, ಬೇಗ ಬದಲಿಸಿ, ಎಫ್‌ಸಿ-ಡಬ್ಲ್ಯೂ ತುಂಬಿಸಿ.

ಟೂ-ಸ್ಟ್ರೋಕ್‌ಗೆ ಬಂದರೆ ಲೆಕ್ಕ ತಿರುಗುಮುರುಗು. ಇಲ್ಲಿ ಎಣ್ಣೆ ಕೆಳಗಿನ ಚೇಂಬರಿನಲ್ಲಿ ನಿಂತಿರುವುದಿಲ್ಲ. ಪೆಟ್ರೋಲ್ ಜೊತೆ ಹೋಗಿ ಉರಿದುಬಿಡುತ್ತದೆ. ಹೊಸ ಪಿಸ್ಟನ್ ಬಿಗಿಯಾಗಿದ್ದಾಗ ಎಣ್ಣೆ ಕಡಿಮೆಯಾದರೆ ಸೀಜ್ ಆಗುತ್ತದೆ, ಅಂದರೆ ಪಿಸ್ಟನ್ ಸಿಕ್ಕಿಕೊಂಡು ನಿಂತುಬಿಡುತ್ತದೆ, ಅದಕ್ಕೆ ಎಷ್ಟೋ ಔಟ್‌ಬೋರ್ಡ್‌ಗಳಿಗೆ ರನ್ನಿಂಗ್-ಇನ್‌ನಲ್ಲಿ ದುಪ್ಪಟ್ಟು ಎಣ್ಣೆ ಹೇಳಿರುತ್ತಾರೆ. ಪೆಟ್ರೋಲ್-ಎಣ್ಣೆ ಪ್ರಮಾಣ ಮಾಮೂಲಿ 50:1 ಇದ್ದರೆ ಆಗ 25:1. 25 ಲೀಟರ್ ಟ್ಯಾಂಕಿಗೆ ಅರ್ಧ ಲೀಟರ್ ಹೋಗುವ ಕಡೆ ಒಂದು ಲೀಟರ್. ಎಣ್ಣೆಯನ್ನು ತಾನೇ ಪಂಪ್ ಮಾಡಿಕೊಳ್ಳುವ ಎಂಜಿನ್ ಆದರೆ, ಮೊದಲ ಟ್ಯಾಂಕಿಗೆ ಮಾತ್ರ ಪೆಟ್ರೋಲಿಗೂ ಸ್ವಲ್ಪ ಬೆರೆಸುತ್ತಾರೆ. ಪಂಪ್ ಪೈಪಿನಲ್ಲಿ ಗಾಳಿ ಉಳಿದಿದ್ದರೂ ಎಂಜಿನ್ ಬದುಕಿಕೊಳ್ಳುತ್ತದೆ. ಜಾಸ್ತಿ ಹಾಕಿದಷ್ಟೂ ಒಳ್ಳೆಯದು ಎಂದುಕೊಳ್ಳಬೇಡಿ. ಕಾರ್ಬ್ಯುರೇಟರ್‌ನಲ್ಲಿ ಎಣ್ಣೆ ಹೆಚ್ಚಾದಷ್ಟು ಪೆಟ್ರೋಲ್ ಕಡಿಮೆಯಾಗಿ ಮಿಶ್ರಣ ತೆಳುವಾಗುತ್ತದೆ, ಸಿಲಿಂಡರ್ ಬಿಸಿ ಏರುತ್ತದೆ.

ಯಾವ 2ಟಿ, ಅಂದರೆ ಟೂ-ಸ್ಟ್ರೋಕ್ ಎಣ್ಣೆ, ಎಂಬುದೂ ಅಷ್ಟೇ ಮುಖ್ಯ. ಔಟ್‌ಬೋರ್ಡ್‌ಗೆ ಟಿಸಿ-ಡಬ್ಲ್ಯೂ3 ಗುರುತಿನ ಎಣ್ಣೆ ಬೇಕು. ಅದು ಉರಿದಾಗ ಬೂದಿ ಬಿಡುವುದಿಲ್ಲ, ತಣ್ಣೀರಲ್ಲಿ ಓಡುವ ಎಂಜಿನ್‌ಗೆ ತಕ್ಕದ್ದು. ಬೈಕಿನ 2ಟಿ ಬಿಸಿ ಎಂಜಿನ್‌ಗೆ ಮಾಡಿದ್ದು, ಅದರ ಬೂದಿ ಪಿಸ್ಟನ್ ಮೇಲೆ, ಪ್ಲಗ್ಗಿನ ಮೇಲೆ ಕೂರುತ್ತದೆ. ನಮ್ಮ ಕರಾವಳಿಯ ನಾಡದೋಣಿಗಳ ಓಬಿಎಂಗಳಿಗೂ (ಔಟ್‌ಬೋರ್ಡ್ ಮೋಟಾರುಗಳಿಗೂ) ಈ ಮಾತು ಸಲ್ಲುತ್ತದೆ. ಸುಮ್ನೆ ಪೆಟ್ರೋಲ್ ಬಂಕಿನಲ್ಲಿ ಸಿಕ್ಕ 2ಟಿ ಸುರಿಯುವುದು ದುಡ್ಡು ಉಳಿಸುವ ದಾರಿಯಲ್ಲ. ಆದರೆ ಸೀ-ಡೂವಿನ ಹಳೆಯ ರೋಟಾಕ್ಸ್ ಟೂ-ಸ್ಟ್ರೋಕ್‌ಗಳು ಇದಕ್ಕೆ ಹೊರತು. ಅವು ಹೆಚ್ಚು ಬಿಸಿಯಲ್ಲಿ, ಹೆಚ್ಚು ಆರ್‌ಪಿಎಂನಲ್ಲಿ ಓಡುತ್ತವೆ. ಅವಕ್ಕೆ ಕಡಿಮೆ ಬೂದಿಯ, ಎಪಿಐ ಟಿಸಿ ಎಂಬ ಗುರುತಿನ ಎಣ್ಣೆಯೇ ಬೇಕು, ಟಿಸಿ-ಡಬ್ಲ್ಯೂ3 ಬೇಡ ಎಂದು ತಯಾರಕರೇ ಹೇಳಿದ್ದಾರೆ. ಯಮಹಾದ ಟೂ-ಸ್ಟ್ರೋಕ್ ಜೆಟ್ ಸ್ಕೀಗೆ ಟಿಸಿ-ಡಬ್ಲ್ಯೂ3. ನೋಡಲು ಒಂದೇ ತರಹದ ಎರಡು ಗಾಡಿಗೆ ಎಣ್ಣೆ ಬೇರೆ ಬೇರೆ!

ಎಂಜಿನ್ ಕಟ್ಟುವಾಗ ಬೇರಿಂಗ್, ಕ್ಯಾಮ್‌ಗಳಿಗೆ ಹಚ್ಚುವ ದಪ್ಪ ಅಸೆಂಬ್ಲಿ ಲ್ಯೂಬ್ ಬೇರೆ ವಸ್ತು. ಅದನ್ನು ಸಿಲಿಂಡರ್ ಗೋಡೆಗೆ ಬಳಿಯಬಾರದು, ರಿಂಗ್ ಕೂರುವುದಿಲ್ಲ. ಗೋಡೆಗೆ ತೆಳ್ಳಗೆ ಎಂಜಿನ್ ಎಣ್ಣೆ ಒರೆಸಿದರೆ ಸಾಕು.

ಎಣ್ಣೆ ಸರಿ ಇದ್ದರೂ ಓಡಿಸುವ ರೀತಿ ಸರಿ ಇಲ್ಲದಿದ್ದರೆ ಕೆಲಸ ಕೆಡುತ್ತದೆ. ರಿಂಗನ್ನು ಗೋಡೆಗೆ ಒತ್ತುವುದು ಮುಖ್ಯವಾಗಿ ಅದರ ಹಿಂದೆ ನುಗ್ಗುವ ಉರಿಗಾಳಿಯ ಒತ್ತಡ. ಐಡಲ್‌ನಲ್ಲಿ ಗಂಟೆಗಟ್ಟಲೆ ಬಿಟ್ಟರೆ ಆ ಒತ್ತಡ ಬರುವುದಿಲ್ಲ, ಗೋಡೆಯ ಮೇಲೆ ಎಣ್ಣೆ ಸುಟ್ಟು ಗಾಜಿನಂಥ ಪದರ ಕಟ್ಟುತ್ತದೆ. ಆಮೇಲೆ ಯಾವ ಎಣ್ಣೆ ಹಾಕಿದರೂ ಆ ಪದರ ಹೋಗುವುದಿಲ್ಲ, ಮತ್ತೆ ಹೋನ್ ಮಾಡಿಸಬೇಕು. ಹಾಗೆಂದು ನೀರಿನ ಹೊರಗೆ ನಲ್ಲಿ ಪೈಪ್ ಹಾಕಿ ಜೆಟ್ ಸ್ಕೀಯನ್ನು ತುಂಬ ಹೊತ್ತು ಓಡಿಸುವುದೂ ಸಲ್ಲ, ಶಾಫ್ಟಿನ ಸೀಲಿಗೆ ನೀರೇ ತಂಪು. ನೀರಿಗಿಳಿಸಿ, ಎಂಜಿನ್ ಬಿಸಿಯಾದ ಮೇಲೆ ಅರ್ಧ ಥ್ರಾಟಲ್‌ವರೆಗೆ ಏರಿಸಿ, ಇಳಿಸಿ, ಮತ್ತೆ ಏರಿಸಿ. ಒಂದೇ ವೇಗದಲ್ಲಿ ದೂರ ಹೋಗಬೇಡಿ. ಫುಲ್ ಥ್ರಾಟಲ್ ಕೆಲವೇ ಸೆಕೆಂಡು. ಬಹಳಷ್ಟು ಔಟ್‌ಬೋರ್ಡ್ ಮ್ಯಾನುಯಲ್‌ಗಳು ಈ ಅವಧಿಯನ್ನು 10 ಗಂಟೆ ಎನ್ನುತ್ತವೆ.

ಫೋರ್-ಸ್ಟ್ರೋಕ್‌ನಲ್ಲಿ ಆ 10 ಗಂಟೆಯೂ ಒಂದೇ ಎಣ್ಣೆಯಲ್ಲಿ ಓಡಿಸುವುದು ನನಗೆ ಒಪ್ಪಿಗೆಯಿಲ್ಲ. ಹೊಸ ಗ್ರೈಂಡರ್ ತಂದರೆ ಮೊದಲು ರುಬ್ಬಿದ ಹಿಟ್ಟನ್ನು ಚೆಲ್ಲುತ್ತೇವೆ ಅಲ್ವಾ? ಮೊದಲ ಎಣ್ಣೆಯೂ ಹಾಗೆಯೇ, ಅದರ ತುಂಬ ಲೋಹದ ಪುಡಿ ಇರುತ್ತದೆ. ಒಂದೆರಡು ಗಂಟೆಗೇ ಎಣ್ಣೆ, ಫಿಲ್ಟರ್ ಎರಡನ್ನೂ ಬದಲಿಸಿ. ತೆಗೆದ ಫಿಲ್ಟರನ್ನು ಕತ್ತರಿಸಿ ಮಡಿಕೆ ಬಿಡಿಸಿ ನೋಡಿ. ಮಸಿಯಂಥ ಮಿನುಗು ಕಂಡರೆ ಸಹಜ, ಉಗುರಿಗೆ ತಾಗುವ ಚೂರು ಸಿಕ್ಕರೆ ಓಡಿಸದೆ ಮೆಕ್ಯಾನಿಕ್‌ಗೆ ತೋರಿಸಿ. 10 ಗಂಟೆಗೆ ಮತ್ತೊಮ್ಮೆ ಬದಲಿಸಿ. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಇಳಿಯುವುದು ನಿಂತು, ಎಲ್ಲ ಸಿಲಿಂಡರ್‌ಗಳ ಕಂಪ್ರೆಷನ್ ಹತ್ತಿರ ಹತ್ತಿರ ಬಂದಿದ್ದರೆ ರಿಂಗ್ ಕೂತಿದೆ. ಮ್ಯಾನುಯಲ್ ಒಪ್ಪುವುದಾದರೆ ಸಿಂಥೆಟಿಕ್ ಹಾಕಲು ಅದೇ ಹೊತ್ತು.