ಪದ ಪರಿಚಯ: ಲೈಯರ್ಸ್ ಡಿವಿಡೆಂಡ್

ಡೀಪ್‌ಫೇಕ್ ಎಂದ ಕೂಡಲೇ ನಮಗೆ ಬರುವ ಭಯ ಒಂದೇ. ಯಾರೋ ನಕಲಿ ವಿಡಿಯೋ ಮಾಡಿ ಏನೂ ತಪ್ಪು ಮಾಡದವರನ್ನು ಸಿಕ್ಕಿಸಿಬಿಡುತ್ತಾರೆ ಅಂತ. ಇದರ ಇನ್ನೊಂದು ಮಗ್ಗುಲೂ ಇದೆ. ಅಸಲಿ ವಿಡಿಯೋದಲ್ಲೇ ಸಿಕ್ಕಿಬಿದ್ದವನು 'ಅದು ನಾನಲ್ಲ, ಎಐ ಮಾಡಿದ್ದು' ಎಂದು ಜಾರಿಕೊಳ್ಳಬಹುದು. ನಕಲಿಗಳು ಜಾಸ್ತಿಯಾದಷ್ಟೂ ಆ ಮಾತನ್ನು ಜನ ನಂಬುತ್ತಾರೆ. ಸುಳ್ಳು ಹೇಳುವವನಿಗೆ ಹೀಗೆ ಪುಕ್ಕಟೆ ಸಿಗುವ ಲಾಭವೇ ಲೈಯರ್ಸ್ ಡಿವಿಡೆಂಡ್. ಈ ಹೆಸರು ಕೊಟ್ಟವರು ಅಮೆರಿಕದ ಕಾನೂನು ಪ್ರಾಧ್ಯಾಪಕರಾದ ಬಾಬಿ ಚೆಸ್ನಿ ಮತ್ತು ಡೇನಿಯಲ್ ಸಿಟ್ರನ್. 2019ರಲ್ಲಿ ಪ್ರಕಟವಾದ ಅವರ ಲೇಖನ ಇದನ್ನು ವಿವರವಾಗಿ ಚರ್ಚಿಸಿತು.

ಕೋರ್ಟಿನಲ್ಲೂ ಈ ವಾದ ಬಂದಾಗಿದೆ. ಕಾರು ಅಪಘಾತದಲ್ಲಿ ಸತ್ತ ಚಾಲಕನ ಮನೆಯವರು ಕ್ಯಾಲಿಫೋರ್ನಿಯಾದಲ್ಲಿ ಟೆಸ್ಲಾ ಮೇಲೆ ಕೇಸು ಹಾಕಿದ್ದರು. ಕಂಪನಿಯ ಮುಖ್ಯಸ್ಥ ಇಲಾನ್ ಮಸ್ಕ್ 2016ರಲ್ಲಿ ಆಟೋಪೈಲಟ್ (ಕಾರು ಓಡಿಸಲು ಚಾಲಕನಿಗೆ ನೆರವಾಗುವ ಟೆಸ್ಲಾದ ವ್ಯವಸ್ಥೆ) ಬಗ್ಗೆ ಆಡಿದ್ದ ಮಾತಿನ ವಿಡಿಯೋವನ್ನು ಮುಂದಿಟ್ಟರು. ಮಸ್ಕ್‌ಗೆ ಅದು ನೆನಪಿಲ್ಲ, ಅವರ ಡೀಪ್‌ಫೇಕ್‌ಗಳು ಬೇಕಾದಷ್ಟಿವೆ ಎಂದರು ಕಂಪನಿಯ ವಕೀಲರು. 2023ರಲ್ಲಿ ನ್ಯಾಯಾಧೀಶೆ ಈ ವಾದವನ್ನು ಒಪ್ಪಲಿಲ್ಲ. ಒಪ್ಪಿದ್ದರೆ ಹೆಸರುವಾಸಿಗಳು ಏನು ಬೇಕಾದರೂ ಹೇಳಿ ಆಮೇಲೆ ತಪ್ಪಿಸಿಕೊಳ್ಳಬಹುದಿತ್ತು, ಅಲ್ವಾ?

ಹಾಗಂತ ಅನುಮಾನವೇ ಪಡಬಾರದು ಎಂದಲ್ಲ. ಅಮೆರಿಕದ ಫೆಡರಲ್ (ಕೇಂದ್ರ) ಕೋರ್ಟುಗಳ ಸಾಕ್ಷ್ಯ ನಿಯಮದ ಪ್ರಕಾರ 'ಈ ದನಿ ನನಗೆ ಗೊತ್ತು, ಅವರದ್ದೇ' ಎಂದು ಸಾಕ್ಷಿ ಹೇಳಿದರೆ ಧ್ವನಿಮುದ್ರಣ ಸಾಕ್ಷ್ಯವಾಗಿ ಕೋರ್ಟಿನ ಒಳಗೆ ಬರಲು ಸಾಮಾನ್ಯವಾಗಿ ಅಷ್ಟೇ ಸಾಕು. ಯಾರ ದನಿಯನ್ನಾದರೂ ಎಐ ಅನುಕರಿಸುವ ಈ ಕಾಲಕ್ಕೆ ಅದು ತೀರಾ ಸಡಿಲ.

ನನಗೆ ಸರಿ ಕಾಣುವುದು ಎರಡು ಹಂತದ ದಾರಿ. ಸುಮ್ನೆ 'ಫೇಕ್' ಎಂದರೆ ಕೋರ್ಟು ಕಿವಿಗೊಡಬಾರದು. ಹಾಗೆನ್ನುವವರು ಮೊದಲು ಏನಾದರೂ ಆಧಾರ ತೋರಿಸಬೇಕು. ತೋರಿಸಿದ ಮೇಲೆ, ಇದು ಅಸಲಿ ಎಂದು ಗಟ್ಟಿಯಾಗಿ ರುಜುವಾತು ಮಾಡುವ ಹೊಣೆ ವಿಡಿಯೋ ತಂದವರದ್ದು. ಅಮೆರಿಕದಲ್ಲಿ ಇಂಥದ್ದೇ ಒಂದು ಕರಡು ನಿಯಮ ಚರ್ಚೆಯಲ್ಲಿದೆ.

ರುಜುವಾತು ಎಂದರೆ ಪತ್ತೆಹಚ್ಚುವ ಸಾಫ್ಟ್‌ವೇರ್ ಕೊಡುವ ಅಂಕವಲ್ಲ. ಕೈಯಿಂದ ಕೈಗೆ ಫಾರ್ವರ್ಡ್ ಆಗಿ ಕುಗ್ಗಿದ ಫೈಲಿನಲ್ಲಿ ಸುಳಿವುಗಳೇ ಅಳಿಸಿಹೋಗಿರುತ್ತವೆ, ಅಂಥ ಕಡೆ ಸಾಫ್ಟ್‌ವೇರ್ ಎಡವುತ್ತದೆ. ರೆಕಾರ್ಡ್ ಮಾಡಿದ್ದು ಯಾರು? ಮೂಲ ಫೋನು ಎಲ್ಲಿದೆ? ಫೈಲು ಯಾರ ಯಾರ ಕೈ ದಾಟಿದೆ? ಅದೇ ಹೊತ್ತಿನ ಕರೆ ದಾಖಲೆ, ಪಕ್ಕದ ಕ್ಯಾಮೆರಾ ಏನು ಹೇಳುತ್ತವೆ? ಇವುಗಳ ಉತ್ತರಕ್ಕೇ ಹೆಚ್ಚು ತೂಕ.

ತಜ್ಞರ ಶುಲ್ಕ ದುಬಾರಿ. ದುಡ್ಡಿದ್ದವರು ಅನುಮಾನ ಎಬ್ಬಿಸುತ್ತಾರೆ, ಇಲ್ಲದವರು ತಮ್ಮ ಅಸಲಿ ವಿಡಿಯೋವನ್ನೂ ಉಳಿಸಿಕೊಳ್ಳಲಾರರು. ಅಂಥ ಕೇಸಿನಲ್ಲಿ ಕೋರ್ಟೇ ತಜ್ಞರನ್ನು ನೇಮಿಸಬೇಕು.